ಕರೆಯದೆ ಹೋದವಳು

ಲೆಸ್ಟರ್
15 ಸೆಪ್ಟೆಂಬರ್ 2024

ಪ್ರೀತಿಯ ನಿವಿ,

ನಿನ್ನನ್ನು ಹ್ಯಾರೊಗೇಟ್‌ನಲ್ಲಿ ಸೈನ್ಯದ ತರಬೇತಿ ಶಾಲೆಗೆ ಬಿಟ್ಟು ಬಂದು ಇಂದಿಗೆ ಒಂದು ವಾರ. ಮೊದಲ ಕೆಲವು ವಾರ ಮಕ್ಕಳ ಕೈಗೆ ಫೋನು ಸಿಗುವುದು ಅಪರೂಪ, ಆದ್ದರಿಂದ ಪತ್ರ ಬರೆಯಿರಿ ಎಂದು ಆ ಕ್ಯಾಪ್ಟನ್ ಹೆಣ್ಣುಮಗಳು ಹೇಳಿದಳಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹತ್ತನೇ ಇಯತ್ತೆ ಮುಗಿಸಿದ ಮೇಲೆ ನಾನು ಯಾರಿಗೂ ಪತ್ರ ಬರೆದವಳಲ್ಲ. ದಿನಚರಿ ಬರೆಯುತ್ತೇನೆ, ಅದು ನಿನಗೆ ಗೊತ್ತು. ಅದನ್ನು ಯಾರೂ ಓದುವುದಿಲ್ಲ, ಆದ್ದರಿಂದ ಸುಲಭ.

ನಿಮ್ಮ ಶ್ರೀಕಾಂತ ಕಾಕಾ ಕಾರು ತರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ರೈಲಿನಲ್ಲಿ ಹೋಗಿ ಬಂದದ್ದು ಒಳ್ಳೆಯದೇ ಆಯಿತು. ವಾಪಸು ಬರುವಾಗ ಲೀಡ್ಸ್ ಸ್ಟೇಷನ್ನಿನಲ್ಲಿ ಎರಡು ಗಾಡಿ ಬಿಟ್ಟೆ. ಯಾರಿಗೂ ಕಾಯುತ್ತಿರಲಿಲ್ಲ. ಎದ್ದೇಳಲು ಆಗಲಿಲ್ಲ, ಅಷ್ಟೇ. ಪಕ್ಕದಲ್ಲಿ ಒಬ್ಬಾಕೆ ತನ್ನ ನಾಯಿಗೆ ಬಿಸ್ಕತ್ತು ಮುರಿದು ಕೊಡುತ್ತಿದ್ದಳು. ನನಗೂ ಒಂದು ಕೊಟ್ಟಳು. ತಿಂದೆ.

ಅಪ್ಪಅಮ್ಮಂದಿರನ್ನು ದೊಡ್ಡ ಸಭಾಂಗಣದಲ್ಲಿ ಕೂರಿಸಿ ಹೇಳಿದ್ದರಲ್ಲಿ ಒಂದು ಮಾತನ್ನು ನಾನು ಗಟ್ಟಿ ಮಾಡಿಕೊಂಡು ಬಂದಿದ್ದೇನೆ. ಮೊದಲ ವಾರಗಳು ಕಳೆದ ಮೇಲೆ, ಹದಿನೆಂಟು ತುಂಬುವ ದಿನದವರೆಗೆ, ಬೇಡವೆನ್ನಿಸಿದ ಮಗು ಒಂದು ಕಾಗದ ಬರೆದುಕೊಟ್ಟು ಮನೆಗೆ ಹೋಗಬಹುದು. ಯಾರೂ ತಡೆಯುವುದಿಲ್ಲ. ಆ ದಿನ ದಾಟಿತೆಂದರೆ ಮುಂದೆ ನಾಲ್ಕು ವರ್ಷ ಬಿಡುವ ಹಾಗಿಲ್ಲ. ನಿನಗೆ ಹದಿನೆಂಟು ತುಂಬುವುದು ಮಾರ್ಚ್ ಇಪ್ಪತ್ತೆಂಟಕ್ಕೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಅರ್ಥವಾಗುತ್ತದೆ, ಅಷ್ಟಕ್ಕೇ ಬಿಡುತ್ತೇನೆ.

ನಿನ್ನೆ ಶನಿವಾರ ನಿಮ್ಮ ಅಪ್ಪನ ಹತ್ತಿರ ಹೋಗಿದ್ದೆ. ಅವರು ಹೋಗಿ ಐದು ತಿಂಗಳಾಯಿತು. ಹುಲ್ಲು ಚೆನ್ನಾಗಿ ಹಿಡಿದಿದೆ. ನಮ್ಮ ಪದ್ಧತಿಯಲ್ಲಿ ಕೂರಿಸಿ ಇಡಬೇಕಾದವರನ್ನು ಇಲ್ಲಿ ಮಲಗಿಸಿ ಇಟ್ಟೆವು, ಸ್ಮಶಾನದವರು ಬೇರೆ ದಾರಿ ಇಲ್ಲ ಎಂದರು. ಅಲ್ಲಿ ಹೋದಾಗಲೆಲ್ಲ ನನಗೆ ಅದೇ ನೆನಪು. ಬಸ್ ಡಿಪೋದ ಕೆಲಸ ಮುಗಿಸಿ ಬಂದರೆ ಅವರು ಮಲಗುವವರೇ ಅಲ್ಲ, ಕುರ್ಚಿಯಲ್ಲೇ ಕೂತು ನಿದ್ದೆ ಮಾಡುತ್ತಿದ್ದರು.

ಕೊರಳಲ್ಲಿ ಲಿಂಗ ಇದೆಯೇ? ಬಿಚ್ಚಿಸಿದರೇ? ಅದೊಂದು ಬರೆ.

ನಿನ್ನ
ಅವ್ವ


ಹ್ಯಾರೊಗೇಟ್
29 ಸೆಪ್ಟೆಂಬರ್ 2024

ಅವ್ವ,

ನಿನ್ನ ಪತ್ರ ಬಂದ ದಿನ ನಾನು ಕೆಟ್ಟದಾಗಿ ಬೈಸಿಕೊಂಡಿದ್ದೆ. ಹಾಸಿಗೆಯ ಮೂಲೆ ಸರಿಯಾಗಿ ಮಡಚಿರಲಿಲ್ಲವಂತೆ. ಆ ಹಾಸಿಗೆಯ ಮೇಲೆ ಕೂರುವ ಹಾಗಿಲ್ಲ, ಆದ್ದರಿಂದ ನೆಲದಲ್ಲಿ ಕೂತು ಓದಿದೆ. ಅಪ್ಪ ಡಿಪೋದ ಪಾಳಿ ಪಟ್ಟಿಯ ಹಾಳೆಗಳ ಹಿಂದೆ ನನ್ನಿಂದ ಕನ್ನಡ ಬರೆಸುತ್ತಿದ್ದರಲ್ಲ, ಅದಾದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನಗಬೇಡ.

ಲಿಂಗ ಕೊರಳಲ್ಲೇ ಇದೆ. ಮೊದಲ ದಿನವೇ ಸಾರ್ಜೆಂಟ್ ನೋಡಿದಳು.

"ಅದೇನು?"

"ನನ್ನ ದೇವರು, ಸಾರ್ಜೆಂಟ್."

"ಅಲ್ಲಾಡತ್ತಾ?"

"ಹೌದು, ಸಾರ್ಜೆಂಟ್."

"ಓಡುವಾಗ ಅಲ್ಲಾಡದ ಹಾಗೆ ಕಟ್ಟಿಕೋ. ದೇವರು ಎಗರಿ ಬಂದು ನಿನ್ನ ಹಲ್ಲು ಮುರಿದರೆ ಫಾರಂ ತುಂಬಬೇಕಾದವಳು ನಾನು."

ಈಗ ಬೆಳಿಗ್ಗೆ ಓಡುವ ಮೊದಲು ಒಂದು ಬಟ್ಟೆ ಪಟ್ಟಿಯಿಂದ ಎದೆಗೆ ಬಿಗಿದುಕೊಳ್ಳುತ್ತೇನೆ. ಹೆಸರು, ನಂಬರು ಕೊರೆದ ಎರಡು ಬಿಲ್ಲೆ ಕೊಟ್ಟಿದ್ದಾರೆ, ಅವೂ ಅಲ್ಲೇ ಇವೆ. ಒಟ್ಟು ಮೂವರ ಸಂಸಾರ.

ನನ್ನ ಪಕ್ಕದ ಹಾಸಿಗೆಯವಳು ಬೆಥನಿ, ಹಲ್ ಊರಿನವಳು. ನಿನ್ನ ಪತ್ರ ತಿರುಗಿಸಿ ಮುರುಗಿಸಿ ನೋಡಿದಳು. "ಇಷ್ಟು ಗುಂಡುಗುಂಡಾಗಿ ಬರೆದರೆ ನಿನ್ನ ಅಮ್ಮ ಬೈದರೂ ಬೈದ ಹಾಗೆ ಕಾಣಲ್ಲ" ಅಂದಳು. ಬೈದಿಲ್ಲ ಅಂತ ಹೇಳಿದೆ. "ಹಂಗಾದ್ರೆ ಇನ್ನೂ ಕಷ್ಟ" ಅಂದಳು.

ಇಸ್ತ್ರಿ ಮಾಡಲು ನನಗೆ ಒಂದು ಅಂಗಿಗೆ ಇಪ್ಪತ್ತು ನಿಮಿಷ ಬೇಕು. ನೀನು ಅಷ್ಟರಲ್ಲಿ ಇಡೀ ವಾರದ್ದು ಮುಗಿಸುತ್ತಿದ್ದೆ. ನಾನು ಯಾವತ್ತೂ ನೋಡಿರಲಿಲ್ಲ.

ಒಬ್ಬಳೇ ಊಟ ಮಾಡುವಾಗ ನಿಂತು ತಿನ್ನಬೇಡ.

ನಿನ್ನ
ನಿವಿ


ಲೆಸ್ಟರ್
20 ಅಕ್ಟೋಬರ್ 2024

ಪ್ರೀತಿಯ ನಿವಿ,

ನಿನಗೆ ಫೋನು ಸಿಕ್ಕಿದೆ, ಆದರೂ ಪತ್ರ ಬಿಡುವುದು ಬೇಡ. ಫೋನಿನಲ್ಲಿ ನಾವಿಬ್ಬರೂ "ಊಟ ಆತೇನು" ಎನ್ನುವುದನ್ನು ದಾಟುವುದಿಲ್ಲ.

ಹೋದ ಭಾನುವಾರ ಶ್ರೀಕಾಂತ ಕಾಕಾ ಲಫ್‌ಬರೋದಿಂದ ಬಂದಿದ್ದ. ಅಣ್ಣ ಹೋದಮೇಲೆ ನಮ್ಮನ್ನು ನೋಡಿಕೊಳ್ಳುವುದು ತನ್ನ ಕೆಲಸ ಎಂದುಕೊಂಡಿದ್ದಾನೆ. ಒಳ್ಳೆಯ ಹುಡುಗ, ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ರೊಟ್ಟಿ ಮುರಿಯುತ್ತ ಶುರು ಮಾಡಿದ.

"ವೈನಿ, ಒತ್ತಾಯ ಮಾಡಿ ಎಳಕೊಂಡು ಹೋಗಿದ್ರ ಮಾತು ಬ್ಯಾರೆ. ಸರಕಾರದ ಕಾಯ್ದೆ, ಏನು ಮಾಡಾಕ ಬರ್ತದ ಅಂತಿದ್ವಿ. ಈ ಹುಡುಗಿನ್ನ ಯಾರು ಕರದಿದ್ರು? ಕರೀಲಾರದ ಮದವಿಗೆ ಹೋಗಿ ಎಲಿ ಮುಂದ ಕುಂತಂಗಾತು."

"ಊಟ ಸೇರದಿದ್ರ ಎದ್ದು ಬರ್ತಾಳ ಬಿಡಪಾ. ಬಾಗಲಾ ತೆರದಿಟ್ಟಾರ."

"ಎದ್ದು ಬರೂ ಪೈಕಿ ಅಲ್ಲ ಅಕಿ. ನಮ್ಮಣ್ಣನ ಮಗಳಕಿ."

ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಈ ಮಾತನ್ನು ಮರುದಿನ ಡೆರೆಕ್ ಅಜ್ಜನಿಗೆ ಹೇಳಿದೆ. ಅವರನ್ನು ನೀನು ಒಮ್ಮೆ ನೋಡಿದ್ದೀ, ಮುದುಕರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ನನ್ನ ಪಾಳಿಯಲ್ಲಿ ದಿನವೂ ಬೆಳಿಗ್ಗೆ ಎಂಟಕ್ಕೆ ಇರುವ ಮನೆ. ಎಂಬತ್ತೈದು ವರ್ಷ. ಸ್ನಾನ ಮಾಡಿಸಿ, ಗುಳಿಗೆ ಕೊಟ್ಟು, ಪಾರಿಜ್ ಎಂಬ ಗಂಜಿ ಮಾಡಿಕೊಟ್ಟು ಬರಬೇಕು. ಇವತ್ತಿಗೂ ನನ್ನನ್ನು ಈ ಊರಿನ ಅಕ್ಕರೆಯ ಮಾತಿನಲ್ಲಿ "ಮಿ ಡಕ್" ಎಂದೇ ಕರೆಯುತ್ತಾರೆ. ಒಂಬತ್ತು ವರ್ಷವಾದರೂ ಬಾತುಕೋಳಿ ಎಂದು ಕರೆಸಿಕೊಳ್ಳುವುದು ನನಗೆ ರೂಢಿಯಾಗಿಲ್ಲ.

ಅವರು ಇಪ್ಪತ್ತೊಂದನೇ ವಯಸ್ಸಿನಲ್ಲಿ ಸೈನ್ಯಕ್ಕೆ ಹೋದವರಂತೆ. ಆಗ ಈ ದೇಶದಲ್ಲಿ ಗಂಡುಹುಡುಗರೆಲ್ಲರಿಗೂ ಎರಡು ವರ್ಷ ಕಡ್ಡಾಯ. ಕಾಲ್ಚೀಲದ ಕಾರ್ಖಾನೆಯಲ್ಲಿ ಕೆಲಸ ಕಲಿಯುವುದು ಮುಗಿಯುವವರೆಗೆ ಮುಂದೂಡಿದ್ದರು, ಮುಗಿದ ತಿಂಗಳೇ ಸರಕಾರದ ಕರೆಯ ಕಂದು ಬಣ್ಣದ ಲಕೋಟೆ ಬಂತು. 1960ನೇ ಇಸವಿ, ಕೊನೆಕೊನೆಯ ತಂಡ. ಅದಾದ ಮೇಲೆ ಯಾರನ್ನೂ ಕರೆಯಲಿಲ್ಲ, ಮನಸ್ಸಿದ್ದವರು ತಾವೇ ಬರಲಿ ಎಂದುಬಿಟ್ಟರು.

"ಯುದ್ಧ ನೋಡಿದಿರಾ?" ಎಂದು ಕೇಳಿದೆ.

"ಜರ್ಮನಿಯ ಒಂದು ಗೋದಾಮಿನಲ್ಲಿ ಕಂಬಳಿ ಎಣಿಸಿದೆ, ಮಿ ಡಕ್. ಎರಡು ವರ್ಷ ಎಣಿಸಿದೆ. ಒಮ್ಮೆಯೂ ಎಣಿಕೆ ಸರಿಬರಲಿಲ್ಲ."

ಲಕೋಟೆ ಬಂದ ದಿನ ಅವರ ಅಮ್ಮ ಬಸ್ ಸ್ಟಾಪಿನಲ್ಲಿ ನಿಂತು ಪ್ರಧಾನಮಂತ್ರಿಯಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರನ್ನೂ ಬೈದರಂತೆ. ಮನೆಗೆ ಬಂದು ಮಗನಿಗೆ ಕೇಕು ಮಾಡಿಕೊಟ್ಟರಂತೆ. ಬೈಯಲು ಸರಕಾರವಿತ್ತು, ಮಗನಿಗೆ ಬರೀ ಪ್ರೀತಿ ಉಳಿಯಿತು. ಹೋದ ಚುನಾವಣೆಯಲ್ಲಿ ಕಡ್ಡಾಯ ಸೇವೆ ಮತ್ತೆ ತರುವ ಮಾತು ಬಂದಿತ್ತಲ್ಲ, ಅಜ್ಜ ಅದನ್ನು ನೆನೆದು ನಕ್ಕರು. "ತರಲಿ ಬಿಡು, ಕಂಬಳಿ ಇನ್ನೂ ಎಣಿಸುವುದು ಬಾಕಿ ಇದೆ" ಎಂದರು.

ದೀಪಾವಳಿಗೆ ಬೆಲ್‌ಗ್ರೇವ್ ರಸ್ತೆಯಲ್ಲಿ ದೀಪ ಹಾಕಿದ್ದಾರೆ. ನಾನು ಈ ವರ್ಷ ಹೋಗುವುದಿಲ್ಲ. ಮೊನ್ನೆ ಫೋನಿನಲ್ಲಿ ಕಾಲು ನೋವು ಎಂದಿದ್ದೆಯಲ್ಲ, ಕಡಿಮೆಯಾಯಿತೇ?

ನಿನ್ನ
ಅವ್ವ


ಹ್ಯಾರೊಗೇಟ್
10 ನವೆಂಬರ್ 2024

ಅವ್ವ,

ಇವತ್ತು ಮಡಿದ ಸೈನಿಕರನ್ನು ನೆನೆಯುವ ಭಾನುವಾರ. ಎರಡು ನಿಮಿಷ ಅಲ್ಲಾಡದೆ ನಿಂತೆವು. ಎಲ್ಲರೂ ಯಾವ ಯಾವ ಯುದ್ಧವನ್ನೋ ನೆನೆಯುತ್ತಿದ್ದರು. ನಾನು ಅಪ್ಪನ ಆಸ್ಪತ್ರೆಯ ಕಿಟಕಿ ನೆನೆಯುತ್ತಿದ್ದೆ. ತಪ್ಪೇನಲ್ಲ ಅಲ್ಲವಾ?

ಬೆಥನಿ ಹೋದಳು. ಗುರುವಾರ ಅವಳ ಅಪ್ಪ ವ್ಯಾನ್ ತಂದು ಕರೆದುಕೊಂಡು ಹೋದ. ಯಾರೂ ಏನೂ ಅನ್ನಲಿಲ್ಲ, ಸಾರ್ಜೆಂಟ್ ಕೂಡ ಕೈ ಕುಲುಕಿ ಕಳಿಸಿದಳು. ಹಾಸಿಗೆ ಖಾಲಿ ಇದೆ. ಅದರ ಮೂಲೆಗಳು ಮಾತ್ರ ಬಹಳ ಚೆನ್ನಾಗಿ ಮಡಚಿವೆ.

ಮೊಣಕಾಲಿನ ಕೆಳಗೆ ಎಲುಬು ಉರಿಯುತ್ತದೆ. ಡಾಕ್ಟರು ಹತ್ತು ದಿನ ಓಡಬೇಡ ಎಂದಿದ್ದಾರೆ. ಉಳಿದವರು ಓಡುವಾಗ ನಾನು ಅವರ ನೀರಿನ ಬಾಟಲಿ ಕಾಯುತ್ತೇನೆ. ಮಳೆ ಬರುತ್ತಿರುತ್ತದೆ. ಬೆಥನಿಯ ಹಾಗೆ ಹೋಗಿಬಿಡಲಾ ಅಂತ ದಿನಕ್ಕೆ ನಾಲ್ಕು ಸಲ ಅನ್ನಿಸುತ್ತದೆ.

ಆದರೆ ನಾನು ಹೋಗುವ ಹಾಗಿಲ್ಲ. ಯಾಕೆ ಅಂತ ಕೇಳಬೇಡ. ಕಾಲಿನ ವಿಷಯ ಕಾಕಾನಿಗೆ ಹೇಳಬೇಡ.

ನಿವಿ


ಲೆಸ್ಟರ್
1 ಡಿಸೆಂಬರ್ 2024

ಪ್ರೀತಿಯ ನಿವಿ,

ಕೇಳಬೇಡ ಎಂದಿದ್ದೀ, ಕೇಳುವುದಿಲ್ಲ. ಕಾಲಿಗೆ ಹಚ್ಚಲು ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೋ.

ಡೆರೆಕ್ ಅಜ್ಜನಿಗೆ ಒಬ್ಬ ತಮ್ಮನಿದ್ದನಂತೆ, ಹದಿನಾಲ್ಕು ತಿಂಗಳು ಚಿಕ್ಕವನು. ಅವನ ವಯಸ್ಸಿನವರ ಹೊತ್ತಿಗೆ ಕಡ್ಡಾಯ ನಿಂತುಹೋಗಿತ್ತು, ಅವನಿಗೆ ಲಕೋಟೆ ಬರಲೇ ಇಲ್ಲ. ಅಮ್ಮ ಚರ್ಚಿನಲ್ಲಿ ಹೂವಿಟ್ಟು ಬಂದರಂತೆ. ಆರು ತಿಂಗಳಿಗೆ ಅವನು ತಾನಾಗಿಯೇ ಹೋಗಿ ಸೈನ್ಯ ಸೇರಿದ. ಅರಬರ ನಾಡಿನ ಏಡನ್‌ಗೆ ಕಳಿಸಿದರು. ಅಲ್ಲಿಂದ ವಾರಕ್ಕೊಂದು ಪತ್ರ ಬರೆಯುತ್ತಿದ್ದನಂತೆ. ಅಮ್ಮ ಒಂದಕ್ಕೂ ಉತ್ತರ ಬರೆಯಲಿಲ್ಲ.

"ಯಾಕೆ?" ಎಂದೆ.

"ಸಿಟ್ಟು ಮಾಡಲು ಅವಳಿಗೆ ಬೇರೆ ಯಾರೂ ಸಿಗಲಿಲ್ಲ" ಎಂದರು ಅಜ್ಜ.

ರಜೆಯ ಮೇಲೆ ಅವನು ಬಂದಾಗ ಅಮ್ಮ ಚಹಾ ಕೊಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡರಂತೆ. ಅಜ್ಜ ಕತೆಯನ್ನು ಅಲ್ಲಿಗೇ ಬಿಟ್ಟು ಚಮಚ ಎತ್ತಿಕೊಂಡರು. ಪಾರಿಜ್ ಆರಿಹೋಗಿತ್ತು, ಮತ್ತೆ ಬಿಸಿ ಮಾಡಿಕೊಟ್ಟೆ.

ಆದ್ದರಿಂದ ನಾನು ಬರೆಯುತ್ತಿರುತ್ತೇನೆ. ನೀನು ಬರೆದರೂ ಬರೆಯದಿದ್ದರೂ.

ಕ್ರಿಸ್‌ಮಸ್ ರಜೆಗೆ ಹದಿನಾಲ್ಕನೇ ತಾರೀಕು ಬರುತ್ತೀಯಲ್ಲ. ನಿನ್ನ ಹಾಸಿಗೆ ಹಾಕಿಟ್ಟಿದ್ದೇನೆ. ಮೂಲೆ ನಾನು ಮಡಚುವ ಹಾಗೆಯೇ ಮಡಚಿದ್ದೇನೆ, ಬೈಯಬೇಡ.

ನಿನ್ನ
ಅವ್ವ


ಹ್ಯಾರೊಗೇಟ್
12 ಜನವರಿ 2025

ಅವ್ವ,

ಮೂರು ವಾರ ಮನೆಯಲ್ಲಿದ್ದೆ. ನೀನು ದಿನಕ್ಕೊಂದು ಪಲ್ಯ ಮಾಡಿದೆ. ನಾನು ನಿನ್ನ ಯೂನಿಫಾರಂ ಇಸ್ತ್ರಿ ಮಾಡಿಕೊಟ್ಟೆ. ಕಾಕಾ ಬಂದು "ಸಲ್ಯೂಟ್ ಹೊಡದು ತೋರ್ಸವಾ ನೋಡೂಣು" ಅಂತ ಚುಚ್ಚಿದಾಗ ಇಬ್ಬರೂ ನಕ್ಕೆವು. ಹೇಳಬೇಕಾದ್ದನ್ನು ಹೇಳಲು ದಿನವೂ ನಿನ್ನ ಕೋಣೆಯ ಬಾಗಿಲವರೆಗೆ ಬಂದೆ. ನೀನು ದಿನಚರಿ ಬರೆಯುತ್ತ ಕೂತಿರುತ್ತಿದ್ದೆ. ಅಪ್ಪನ ಜೊತೆ ಮಾತಾಡುತ್ತಿದ್ದೀಯೇನೋ ಅನ್ನಿಸಿ ವಾಪಸು ಹೋದೆ. ಅದಕ್ಕೇ ಇಲ್ಲಿಂದ ಬರೆಯುತ್ತಿದ್ದೇನೆ, ಹೇಡಿಯ ಹಾಗೆ.

ಹದಿನೆಂಟು ತುಂಬದವರು ಸೇರಬೇಕಾದರೆ ಅಪ್ಪ ಅಥವಾ ಅಮ್ಮ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕು. ಅಪ್ಪ ಹೋದ ಮೇಲೆ ಅದು ನೀನು. ಕೇಳಿದರೆ ನೀನು ಬೇಡ ಅನ್ನುತ್ತೀ ಅಂತ ನನಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಅಪ್ಪನ ಕಾಗದಗಳಿಗೆಲ್ಲ ನಿನ್ನಿಂದ ಸಹಿ ಮಾಡಿಸಿದೆನಲ್ಲ, ಪೆನ್ಷನ್‌ದು, ಬ್ಯಾಂಕಿನದು, ಕೌನ್ಸಿಲ್ ಟ್ಯಾಕ್ಸ್‌ದು. ಅವುಗಳ ನಡುವೆ ಇದನ್ನೂ ಇಟ್ಟೆ. ನೀನು ಇಂಗ್ಲಿಷ್ ಕಾಗದ ಓದುವುದಿಲ್ಲ, ನಾನು ಬೆರಳಿಟ್ಟ ಕಡೆ ಸಹಿ ಹಾಕುತ್ತೀ ಅಂತ ಗೊತ್ತಿದ್ದೇ ಇಟ್ಟೆ. ಸ್ಕೂಲಿನ ಟ್ರಿಪ್ಪಿನಿಂದ ಹಿಡಿದು ಎಲ್ಲ ಫಾರಂಗಳನ್ನೂ ಹಾಗೆಯೇ ಮಾಡಿದ್ದೇವೆ. ಆಗಸ್ಟಿನಲ್ಲಿ ನಾನು ಸೆಲೆಕ್ಟ್ ಆದೆ ಅಂತ ಹೇಳಿದಾಗ ನೀನು ರೊಟ್ಟಿ ಬಡಿಯುವುದು ನಿಲ್ಲಿಸದೆ "ಆತು" ಅಂದೆ. ನಿನ್ನಿಂದ ಸಹಿ ಹಾಕಿಸಿದ್ದೇನೆ ಅಂತ ನಾನು ಹೇಳಲಿಲ್ಲ, ಸಹಿ ಇಲ್ಲದೆ ಹೇಗೆ ತಗೊಂಡರು ಅಂತ ನೀನು ಕೇಳಲಿಲ್ಲ.

ಅಪ್ಪ ಸತ್ತು ಒಂದು ತಿಂಗಳೂ ಆಗಿರಲಿಲ್ಲ. ಅವರ ಕಾಗದಗಳ ನಡುವೆ.

ಡೆರೆಕ್ ಅಜ್ಜನನ್ನು ಸರಕಾರ ಕರೆಯಿತು. ಅವರ ತಮ್ಮ ತಾನೇ ಹೋದ. ನಾನು ಎರಡೂ ಅಲ್ಲ. ನಾನು ಕದ್ದು ಬಂದವಳು. ಈಗ ಕಾಲು ನೋವು, ಚಳಿ, ಮನೆಯ ನೆನಪು ಅಂತ ವಾಪಸು ಬಂದರೆ, ಇಷ್ಟಕ್ಕಾಗಿ ಅವ್ವನಿಗೆ ಮೋಸ ಮಾಡಿದೆನಾ ಅಂತಾಗುತ್ತದೆ. ಅದಕ್ಕೇ ಹೋಗುವ ಹಾಗಿಲ್ಲ ಅಂದದ್ದು. ನಾಲ್ಕು ವರ್ಷ ಇದ್ದು ತೀರಿಸುತ್ತೇನೆ.

ನೀನು ಉತ್ತರ ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ನಿವೇದಿತಾ


ಲೆಸ್ಟರ್
15 ಜನವರಿ 2025

ಪ್ರೀತಿಯ ನಿವಿ,

ಪತ್ರ ಇವತ್ತು ಬಂತು. ನಿನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದು ನೋಡಿ ಮೊದಲು ನಗು ಬಂತು, ಆಮೇಲೆ ಕೂತುಕೊಂಡೆ.

ಮಗಳೇ, ನಾನು ಆ ಕಾಗದ ಓದಿದ್ದೆ.

ಮೇ ಆರನೇ ತಾರೀಕು, ಸೋಮವಾರ, ಬ್ಯಾಂಕ್ ರಜೆ. ಮೇಜಿನ ಮೇಲೆ ನಿಮ್ಮ ಅಪ್ಪನ ಕಾಗದಗಳು. ನೀನು ಪಕ್ಕದಲ್ಲಿ ಕೂತು "ಇಲ್ಲೆ ಅವ್ವ, ಇಲ್ಲೆ" ಎಂದು ಬೆರಳಿಟ್ಟು ತೋರಿಸುತ್ತಿದ್ದೆ. ಐದನೆಯದೋ ಆರನೆಯದೋ ಕಾಗದ ಬಂದಾಗ ಮಾತ್ರ "ಚಹಾ ಮಾಡ್ತೀನಿ" ಎಂದು ಎದ್ದುಹೋದೆ. ನೀನು ಅಲ್ಲೇ ಕೂತಿದ್ದರೆ ನಾನು ಬಹುಶಃ ಓದುತ್ತಿರಲಿಲ್ಲ.

ಒಂಬತ್ತು ವರ್ಷದಿಂದ ನಾನು ಔಷಧಿ ಚಾರ್ಟಿಗೆ ಸಹಿ ಹಾಕುತ್ತಿದ್ದೇನೆ. ಯಾವ ಗುಳಿಗೆ, ಎಷ್ಟು, ಎಷ್ಟು ಹೊತ್ತಿಗೆ, ಹಿಂದೆ ಬಂದವಳು ಕೊಟ್ಟಿದ್ದಾಳೋ ಇಲ್ಲವೋ. ಓದದೆ ಸಹಿ ಹಾಕಿದರೆ ಯಾರೋ ಒಬ್ಬ ಮುದುಕಿ ಒಂದೇ ಗುಳಿಗೆಯನ್ನು ಎರಡು ಸಲ ನುಂಗುತ್ತಾಳೆ. ಇಂಗ್ಲಿಷ್ ಮಾತಾಡುವಾಗ ನಾನು ತಡವರಿಸುತ್ತೇನೆ, ಅದನ್ನು ಕೇಳಿ ಕೇಳಿ ನನಗೆ ಓದಲೂ ಬರುವುದಿಲ್ಲ ಎಂದು ನೀನು ಅಂದುಕೊಂಡೆ. ಎಂಟು ವರ್ಷದವಳಿದ್ದಾಗಿನಿಂದ ಮನೆಯ ಫಾರಂಗಳನ್ನು ನೀನು ತುಂಬುತ್ತಿದ್ದೆ. ನಾಲಿಗೆ ತುಟಿಯ ಮೂಲೆಗೆ ಇಟ್ಟುಕೊಂಡು ಬರೆಯುತ್ತಿದ್ದೆ. ಅದನ್ನು ನೋಡುವುದು ನನಗೂ ನಿಮ್ಮ ಅಪ್ಪನಿಗೂ ಒಂದು ಸುಖ. ಆದ್ದರಿಂದ ನಾನು ಓದಬಲ್ಲೆ ಎಂದು ಹೇಳಲೇ ಇಲ್ಲ.

ಎರಡು ಸಲ ಓದಿದೆ. ಒಳಗೆ ಕೆಟಲ್ ಕುದಿದು ಆರಿತು. ನೀನು ಬರಲಿಲ್ಲ. ನೀನು ಅಲ್ಲಿ ಗೋಡೆಗೆ ಆನಿಕೊಂಡು ನಿಂತಿದ್ದೀ ಎಂದು ನನಗೆ ಗೊತ್ತಾಗುತ್ತಿತ್ತು.

ಯಾಕೆ ಸಹಿ ಹಾಕಿದೆ ಎಂದು ಎಂಟು ತಿಂಗಳಿಂದ ದಿನಚರಿಯಲ್ಲಿ ಬರೆದು ಬರೆದು ಹೊಡೆದುಹಾಕಿದ್ದೇನೆ. ಈಗ ನಿನಗಾಗಿ ಒಮ್ಮೆ ಸರಿಯಾಗಿ ಬರೆಯುತ್ತೇನೆ. ಆ ದಿನಗಳಲ್ಲಿ ನೀನು ಸ್ಕೂಲಿನಿಂದ ಬಂದವಳೇ ನನ್ನ ಮುಖ ನೋಡುತ್ತಿದ್ದೆ. ನಾನು ಸ್ನಾನಕ್ಕೆ ಹೋದರೆ ಹೊರಗೆ ನಿಂತು ನೀರಿನ ಸದ್ದು ಕೇಳುತ್ತಿದ್ದೆ. ಗೆಳತಿಯರ ಮನೆಗೆ ಹೋಗುವುದು ಬಿಟ್ಟೆ. ಹದಿನೇಳು ವರ್ಷದ ಹುಡುಗಿ ನನ್ನ ಬಾಗಿಲಿಗೆ ಕಾವಲು ನಿಂತಿದ್ದಳು. ನಿನ್ನನ್ನು ಯಾರೂ ಕರೆದಿರಲಿಲ್ಲ ಎನ್ನುತ್ತಾನಲ್ಲ ಕಾಕಾ, ಅವನಿಗೆ ಗೊತ್ತಿಲ್ಲ. ನನ್ನ ದುಃಖ ನಿನ್ನನ್ನು ಆಗಲೇ ಕರೆದು ಕೆಲಸಕ್ಕೆ ಹಚ್ಚಿತ್ತು. ಅದಕ್ಕೆ ಎರಡು ವರ್ಷ, ನಾಲ್ಕು ವರ್ಷ ಎಂಬ ಲೆಕ್ಕವೂ ಇರಲಿಲ್ಲ.

ನೀನು ನೇರವಾಗಿ ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಅತ್ತುಬಿಡುತ್ತಿದ್ದೆ. ನೀನು ಇದ್ದುಬಿಡುತ್ತಿದ್ದೆ. ಕೇಳದೆ ಕಾಗದ ಇಟ್ಟು ಹೋದದ್ದರಿಂದ ನನಗೂ ಬಾಯಿ ಬಿಡದೆ ಕಳಿಸಲು ಒಂದು ದಾರಿ ಸಿಕ್ಕಿತು. ಆದರೆ ಅದರ ಭಾರ ನಿನ್ನ ತಲೆಯ ಮೇಲೆ ಕೂರುತ್ತದೆ ಎಂದು ನಾನು ಯೋಚಿಸಲಿಲ್ಲ. ಚಳಿಯಲ್ಲಿ ನೀರಿನ ಬಾಟಲಿ ಕಾಯುತ್ತ ನೀನು ಅದನ್ನು ಹೊತ್ತುಕೊಂಡು ನಿಂತಿದ್ದೆ, ನಾನು ಎಣ್ಣೆ ಕಳಿಸಿದೆ. ಅದು ನನ್ನ ತಪ್ಪು.

ಆದ್ದರಿಂದ ತೀರಿಸುವುದು ಏನೂ ಇಲ್ಲ. ಕಾಲು ನೋವೆಂದು ಬರಬೇಕೆನ್ನಿಸಿದರೆ ಬಾ. ಮನಸ್ಸಿಲ್ಲವೆಂದು ಬರಬೇಕೆನ್ನಿಸಿದರೆ ಬಾ. ಇರಬೇಕೆನ್ನಿಸಿದರೆ ಇರು. ನನ್ನನ್ನು ಅದರಲ್ಲಿ ಸೇರಿಸಬೇಡ. ಮಾರ್ಚ್ ಇಪ್ಪತ್ತೆಂಟರವರೆಗೆ ನಾನು ಆ ಮಾತು ಎತ್ತುವುದಿಲ್ಲ.

ನಿನ್ನ
ಅವ್ವ


ಲೆಸ್ಟರ್
16 ಫೆಬ್ರವರಿ 2025

ಪ್ರೀತಿಯ ನಿವಿ,

ಒಂದು ತಿಂಗಳಾಯಿತು. ಕೇಳಲು ಬರೆಯುತ್ತಿಲ್ಲ. ಫೋನಿನಲ್ಲಿ ನಿನ್ನ ದನಿ ಚೆನ್ನಾಗಿದೆ, ನನಗೆ ಅಷ್ಟು ಸಾಕು.

ಸ್ನಾನಕ್ಕೆ ಹೋದಾಗ ಈಗ ನಾನು ಹಾಡು ಹೇಳಿಕೊಳ್ಳುತ್ತೇನೆ. ಗೋಡೆಯಾಚೆಯ ಗುಜರಾತಿ ಅಜ್ಜಿ ನಿನ್ನೆ ಸಿಕ್ಕು, "ಬೆಹೆನ್, ಸ್ವಲ್ಪ ಸಣ್ಣಗೆ" ಎಂದರು. ಆಯಿತು ಎಂದೆ, ಆದರೆ ಇವತ್ತೂ ಹೇಳಿದೆ.

ಕಾಕಾ ಬಂದು ನಿನ್ನ ಕೋಣೆಯ ಹೀಟರ್ ರಿಪೇರಿ ಮಾಡಿಕೊಟ್ಟು ಹೋದ. "ಅಕಿ ಬಂದ್ರೂ ಆತು, ಬರದಿದ್ರೂ ಆತು, ರಜಾಕ್ಕರ ಬೆಚ್ಚಗಿರಲಿ" ಎಂದ. ಅಷ್ಟರಮಟ್ಟಿಗೆ ಇಳಿದಿದ್ದಾನೆ.

ಸಮಾಧಿಗೆ ಕಲ್ಲು ಹಾಕಿಸುವುದಕ್ಕೆ ಕೊಟ್ಟು ಬಂದೆ. ಏನು ಬರೆಸಬೇಕು ಎಂದು ಕೇಳಿದರು. ಹೆಸರು ಸಾಕು ಎಂದೆ. ನಿಮ್ಮ ಅಪ್ಪನ ಹೆಸರನ್ನು ನಾನು ಬಾಯಿಂದ ಹೇಳಿದ್ದು ಜೀವನದಲ್ಲಿ ಅದು ಮೂರನೇ ಸಲವೋ ನಾಲ್ಕನೇ ಸಲವೋ. ಅಂಗಡಿಯವನಿಗೆ ಮೂರು ಸಲ ಹೇಳಬೇಕಾಯಿತು. ರಾಜಶೇಖರ. ರಾಜಶೇಖರ. ರಾಜಶೇಖರ. ಹೊರಗೆ ಬಂದಾಗ ಎದೆ ಹಗುರಾಗಿತ್ತು.

ನಿನ್ನ
ಅವ್ವ


ಹ್ಯಾರೊಗೇಟ್
9 ಮಾರ್ಚ್ 2025

ಅವ್ವ,

ನಿನ್ನ ಜನವರಿಯ ಪತ್ರ ಓದಿದ ಮೇಲೆ ಮೂರು ದಿನ ನನಗೆ ಸಿಟ್ಟು ಬಂದಿತ್ತು. ನಿನ್ನ ಮೇಲೆ. ಓದಿಯೂ ಸುಮ್ಮನಿದ್ದೆಯಲ್ಲ ಅಂತ. ನಾಲ್ಕನೇ ದಿನ ಅದೇ ಪತ್ರ ಓದಿ ಅತ್ತೆ. ಐದನೇ ದಿನ ಹಸಿವಾಯಿತು, ಎರಡು ಸಲ ಊಟ ಹಾಕಿಸಿಕೊಂಡೆ.

ಆಮೇಲೆ ಒಂದು ಹಾಳೆಯಲ್ಲಿ ಬಿಟ್ಟುಹೋಗುವ ಕಾಗದ ಬರೆದು ಅಲಮಾರಿಯಲ್ಲಿ ಇಟ್ಟೆ. ತಾರೀಕು ಮಾತ್ರ ಹಾಕಲಿಲ್ಲ. ಮೋಸದ ಭಾರ ಇಳಿದ ಮೇಲೆ ಏನು ಉಳಿಯುತ್ತದೆ ಅಂತ ನೋಡಬೇಕಿತ್ತು. ಬರೀ ಚಳಿ ಉಳಿದರೆ ಬಂದುಬಿಡುವುದು ಅಂತ.

ಫೆಬ್ರವರಿ ಕೊನೆಗೆ ನಮ್ಮನ್ನು ಐದು ದಿನ ಗುಡ್ಡದ ಮೇಲೆ ಬಯಲಲ್ಲಿ ಇಟ್ಟಿದ್ದರು. ಹಿಮ ಕಲೆಸಿದ ಮಳೆ. ನಮ್ಮ ತಂಡದ ಒಬ್ಬ ಹುಡುಗಿ ಕಲ್ಲುಗಳ ನಡುವೆ ಕಾಲು ಸಿಕ್ಕಿಸಿಕೊಂಡು ಬಿದ್ದಳು. ಪಾದ ತಿರುಗಿಹೋಗಿತ್ತು. ಉಳಿದವರು ಕೂಗಾಡುತ್ತಿದ್ದರು. ನಾನು ಮಂಡಿಯೂರಿ ಅವಳ ಬೂಟು ಸಡಿಲಿಸಿದೆ, ಕಲಿಸಿದ ಹಾಗೆ ಕಟ್ಟಿದೆ, ನನ್ನ ಟೋಪಿ ತೆಗೆದು ಅವಳಿಗೆ ಹಾಕಿದೆ, ನೋವು ಮರೆಸಲು ಅವಳ ಮನೆಯ ನಾಯಿಯ ಹೆಸರು ಕೇಳುತ್ತ ಕೂತೆ. ಗಾಡಿ ಬರಲು ನಲವತ್ತು ನಿಮಿಷ ಆಯಿತು. ಬೆರಳುಗಳು ನನ್ನವೇ ಅನ್ನಿಸುತ್ತಿರಲಿಲ್ಲ, ಆದರೆ ಅವು ಕೆಲಸ ಮಾಡುತ್ತಿದ್ದವು.

ಅಪ್ಪ ಆಸ್ಪತ್ರೆಯಲ್ಲಿದ್ದ ಆರು ವಾರ ನಾನು ಮಾಡಿದ್ದೆಂದರೆ ನೀರಿನ ಲೋಟ ಹಿಡಿದುಕೊಂಡದ್ದು. ನರ್ಸುಗಳು ಬಂದು ಏನೇನೋ ಮಾಡಿ ಹೋಗುತ್ತಿದ್ದರು. ನಾನು ಲೋಟ ಹಿಡಿದುಕೊಂಡು ದಾರಿ ಬಿಡುತ್ತಿದ್ದೆ. ಆ ಗುಡ್ಡದ ಮೇಲೆ ನನಗೆ ಗೊತ್ತಾಯಿತು, ನಾನು ಓಡಿಬಂದದ್ದು ನಿನ್ನಿಂದಲ್ಲ, ಆ ಲೋಟದಿಂದ.

ನನಗೆ ವೈದ್ಯಕೀಯ ದಳಕ್ಕೆ ಹೋಗಬೇಕು. ಆಗಸ್ಟಿನಲ್ಲಿ ಇಲ್ಲಿ ಮುಗಿದ ಮೇಲೆ ಆ ತರಬೇತಿ ಶುರು. ಗಾಯವಾದವರ ಹತ್ತಿರ ಮೊದಲು ಹೋಗುವ ಕೆಲಸ. ಅಪಾಯ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಸುಳ್ಳು ಸಾಕಷ್ಟು ಆಗಿದೆ.

ನಿನ್ನನ್ನು ಸೇರಿಸಬೇಡ ಅಂದೆ. ಅದು ನನ್ನಿಂದ ಆಗುವುದಿಲ್ಲ. ಇಪ್ಪತ್ತೆಂಟರ ನಂತರ ನನಗೆ ಯಾರ ಸಹಿಯೂ ಬೇಡ. ಅದಕ್ಕೇ ಅದರ ಮೊದಲು ಕೇಳುತ್ತಿದ್ದೇನೆ. ಆಗ ಉತ್ತರಕ್ಕೆ ಹೆದರಿ ಕೇಳಲಿಲ್ಲ. ಈಗ ಹೆದರಿಕೆ ಇದೆ, ಆದರೂ ಕೇಳುತ್ತೇನೆ. ಬೇಡ ಅಂದರೆ ಅಲಮಾರಿಯಲ್ಲಿರುವ ಕಾಗದಕ್ಕೆ ತಾರೀಕು ಹಾಕಿ ಕೊಟ್ಟು ಬರುತ್ತೇನೆ. ಮುಖ ಊದಿಸಿಕೊಂಡು ಬರುವುದಿಲ್ಲ. ಲೆಸ್ಟರ್‌ನಲ್ಲೇ ನರ್ಸಿಂಗ್ ಓದುತ್ತೇನೆ, ಅದೂ ಒಳ್ಳೆಯ ಕೆಲಸವೇ.

ಹೋಗಲಾ, ಅವ್ವ?

ನಿನ್ನ
ನಿವಿ


ಲೆಸ್ಟರ್
12 ಮಾರ್ಚ್ 2025

ಪ್ರೀತಿಯ ನಿವಿ,

ಡೆರೆಕ್ ಅಜ್ಜನಿಗೆ ಇವತ್ತು ಮಧ್ಯಾಹ್ನದ ಊಟವನ್ನೂ ಕೊಟ್ಟು ಬಂದು ಕೋಟು ಬಿಚ್ಚದೆ ಓದಿದೆ. ಈಗಲೂ ಕೋಟಿನಲ್ಲೇ ಬರೆಯುತ್ತಿದ್ದೇನೆ. ಐದೂವರೆಗೆ ಮೂಲೆಯ ಡಬ್ಬಿಯಿಂದ ಪತ್ರ ಒಯ್ಯುತ್ತಾರೆ, ಅಷ್ಟರೊಳಗೆ ಹಾಕಬೇಕು. ಫೋನಿನಲ್ಲಿ ಹೇಳಬಹುದು, ಆದರೆ ನೀನು ಬರೆದು ಕೇಳಿದ್ದೀ.

ಮೊದಲು ಬಾಯಿಗೆ ಬಂದದ್ದನ್ನೇ ಬರೆಯುತ್ತೇನೆ. ಬೇಡ. ಗಾಯವಾದವರ ಹತ್ತಿರ ಮೊದಲು ಹೋಗುವವಳು ಗಾಯ ಮಾಡುವವರಿಗೂ ಹತ್ತಿರ ಇರುತ್ತಾಳೆ, ಅಷ್ಟು ನನಗೂ ತಿಳಿಯುತ್ತದೆ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಮುಂದೆ ಒಳಗೆ ಹೋಗಿಯೂ ಕಿವಿ ಇತ್ತ ಇರುತ್ತದೆ. ಬಾಗಿಲಲ್ಲಿ ಗುರುತಿಲ್ಲದವರು ನಿಂತರೆ ಎದೆ ಹಾರುತ್ತದೆ. ನಿನಗೆ ಇಪ್ಪತ್ತೆರಡು ತುಂಬುವವರೆಗೆ ಇದು ಹೀಗೇ. ಸಮಾಧಾನದ ಮಾತು ಯಾರು ಹೇಳಿದರೂ ನಾನು ನಂಬುವುದಿಲ್ಲ, ಆದ್ದರಿಂದ ನೀನೂ ಹೇಳಬೇಡ.

ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಯೋಚಿಸಿದೆ. ನಾನು ಬೇಡ ಎಂದರೆ ನೀನು ನಿಜವಾಗಿಯೂ ಬರುತ್ತೀ, ನಗುನಗುತ್ತಲೇ ಬರುತ್ತೀ. ಸಂಜೆ ಇಬ್ಬರೂ ಕೂತು ಊಟ ಮಾಡುತ್ತೇವೆ. ಅದು ನನಗೆ ಎಷ್ಟು ಬೇಕು ಎಂದು ನಿನಗೆ ಗೊತ್ತಿಲ್ಲ. ಮನೆಯಲ್ಲಿ ಲೋಟ ಇಟ್ಟ ಸದ್ದು ಕೂಡ ನನ್ನದೇ. ಇಷ್ಟು ಬೇಕೆನ್ನಿಸಿದ್ದಕ್ಕೇ, ಅದನ್ನು ನಿನ್ನಿಂದ ಪಡೆಯಬಾರದೆಂದು, ಪೆನ್ನು ಮತ್ತೆ ಎತ್ತಿಕೊಂಡೆ.

ಮನಸ್ಸಿದ್ದವರು ತಾವೇ ಬರಲಿ ಎಂದು ಈ ದೇಶ ಅರವತ್ತು ವರ್ಷದ ಹಿಂದೆ ಹೇಳಿತು. ಹೇಳುವುದು ಸುಲಭ. ಅಂದಿನಿಂದ ಒಂದೊಂದು ಮನೆಯಲ್ಲೂ ಯಾರೋ ಒಬ್ಬರು ಕೋಟು ಹಾಕಿಕೊಂಡು ಕೂತು ಹೀಗೆ ಯೋಚಿಸಬೇಕಾಗಿದೆ.

ಆಗಸ್ಟಿನಲ್ಲಿ ನಿನ್ನ ತರಬೇತಿ ಮುಗಿಯುವ ದಿನದ ಪರೇಡಿಗೆ ಕಾಕಾ ಕಾರು ತರುತ್ತಾನಂತೆ. "ಯಾರ ಸೈನ್ಯಾ ಆದ್ರೇನು, ಹುಡುಗಿ ನಮ್ದಲಾ" ಎಂದು ತಾನೇ ಹೇಳಿದ. ಶೇಂಗಾ ಹೋಳಿಗೆ ತರುತ್ತೇನೆ, ಆ ಕಾಲು ತಿರುಚಿಕೊಂಡ ಹುಡುಗಿಗೂ ಇರಲಿ, ನಿನ್ನ ಸಾರ್ಜೆಂಟಿಗೂ ಇರಲಿ.

ಈಗ ಉತ್ತರ. ನನಗೆ ಇಷ್ಟವಿಲ್ಲ. ಮೇ ತಿಂಗಳಲ್ಲಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ, ಆದರೆ ಆಗ ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ನೀನು ಕೇಳಿದೆ, ನಾನು ನಿಜ ಹೇಳಿದೆ. ಇನ್ನು ಉಳಿದದ್ದು ಮನೆ ಬಿಟ್ಟು ಹೊರಡುವವರಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಸೆಪ್ಟೆಂಬರಿನಲ್ಲಿ ಆ ಗೇಟಿನ ಮುಂದೆ ಅದು ನನ್ನ ಬಾಯಿಂದ ಬಂದಿರಲಿಲ್ಲ.

ಹೋಗಿ ಬಾ.

ನಿನ್ನ
ಅವ್ವ